ಒಡೆದರೆ ಸಿಗುವ ಲಾಭ ಉಳಿಸಿದರೆ ಯಾಕಿಲ್ಲ? ಮುಂಬಯಿ ಪಾಲಿಕೆ ಆಯುಕ್ತರಿಗೆ ಮಾಟುಂಗಾದಿಂದ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಮಸ್ಕಾರ.

ಮಾಟುಂಗಾ ಪೂರ್ವದಲ್ಲಿ, 1930ರ ದಶಕದಲ್ಲಿ ಕಟ್ಟಿದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ನಾವಿದ್ದೇವೆ. ನಮ್ಮ ಸುತ್ತಮುತ್ತ ಇಂಥ ಕಟ್ಟಡಗಳು ಒಂದೊಂದಾಗಿ ಹೋಗುತ್ತಿವೆ. ಮೊದಲು ಮನೆಯವರು ಸಾಮಾನು ಕಟ್ಟಿಕೊಂಡು ಬಾಡಿಗೆ ಮನೆಗೆ ಹೋಗುತ್ತಾರೆ. ಆಮೇಲೆ ಕಿಟಕಿ, ಬಾಗಿಲು, ಗ್ರಿಲ್ಲು ಕೀಳುತ್ತಾರೆ. ಅದಾದ ಮೇಲೆ ಹಸಿರು ಬಟ್ಟೆ, ಧೂಳು, ಕೊನೆಗೆ ಸುತ್ತ ತಗಡಿನ ಬೇಲಿ. ನಾನು ಕೇಳುವುದು ಇಷ್ಟೇ. ಹಳೇ ಕಟ್ಟಡ ಒಡೆಯುವವರಿಗೆ ನಿಯಮದಲ್ಲಿ ದೊಡ್ಡ ಲಾಭ ಇಟ್ಟಿದ್ದೀರಿ. ಅದನ್ನು ಉಳಿಸಿಕೊಂಡು ಗಟ್ಟಿಯಾಗಿ ರಿಪೇರಿ ಮಾಡಿಸುವವರಿಗೂ ಅದರಲ್ಲಿ ಒಂದು ಪಾಲು ಸಿಗಬೇಕು.

ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕೊಡುತ್ತಿದ್ದೇನೆ. ಎಲ್ಲರೂ ಓದಲಿ ಅಂತ ಕನ್ನಡದಲ್ಲೂ ಬರೆಯುತ್ತಿದ್ದೇನೆ, ಯಾಕಂದ್ರೆ ಇದು ಮುಂಬಯಿ ಕನ್ನಡಿಗರ ಮನೆಯ ವಿಷಯವೂ ಹೌದು. ಮಂಗಳೂರು, ಉಡುಪಿ, ಧಾರವಾಡ, ಕಾರವಾರ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ಎಷ್ಟೋ ಕುಟುಂಬಗಳು ತಮಿಳರ, ಗುಜರಾತಿಗಳ ಪಕ್ಕದಲ್ಲಿ ಇಲ್ಲಿ ಬೇರು ಬಿಟ್ಟವು. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇರುವುದು ಇಲ್ಲೇ, ಭಾವು ದಾಜಿ ರಸ್ತೆಯಲ್ಲಿ. ಸ್ಟೇಷನ್ ಪಕ್ಕದ ರಾಮಾ ನಾಯಕರ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಎಲೆ ಊಟ ಹಾಕುತ್ತಿದೆ. ಊರಿನವರಿಗೆ ಮುಂಬಯಿ ಅಂದರೆ ಚಾಳು, ಲೋಕಲ್ ರೈಲು, ಹೋಟೆಲು. ನಮ್ಮಂಥವರಿಗೆ ಮುಂಬಯಿ ಅಂದರೆ ಈ ಮೂರು ಮಹಡಿಯ, ದುಂಡು ಮೂಲೆಯ, ಉದ್ದ ಬಾಲ್ಕನಿಯ ಕಟ್ಟಡಗಳೂ ಹೌದು.

ಇವು ಹುಟ್ಟಿದ್ದರ ಹಿಂದೆ ಒಂದು ಕಾಯಿಲೆ ಇದೆ. 1896ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಜನ ಸಾವಿರಗಟ್ಟಲೆ ಸತ್ತರು, ಸಾಯದವರು ಊರು ಬಿಟ್ಟರು. ರೋಗ ಹೇಗೆ ಹರಡುತ್ತದೆ ಅನ್ನುವುದು ಆಗ ಸರಿಯಾಗಿ ಗೊತ್ತಿರಲಿಲ್ಲ. ಗಾಳಿ ಬೆಳಕಿಲ್ಲದ, ಒತ್ತೊತ್ತಾದ ಮನೆಗಳೇ ಕಾರಣ ಅಂದುಕೊಂಡರು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿದರು. ಟ್ರಸ್ಟು ಹಳೇ ಊರಿನ ನಡುವೆ ಅಗಲ ರಸ್ತೆಗಳನ್ನು ಕೊರೆಯಿತು. ಪ್ರಿನ್ಸೆಸ್ ಸ್ಟ್ರೀಟ್ ಮಾಡಿದ್ದೇ ಸಮುದ್ರದ ಗಾಳಿ ಒಳಗೆ ಬರಲಿ ಅಂತ. ಜೊತೆಗೆ ಊರಿನ ಉತ್ತರದಲ್ಲಿ ದಾದರ್, ಮಾಟುಂಗಾ, ವಡಾಲಾ, ಸಾಯನ್ ಕಡೆ ಗದ್ದೆ, ತೋಟ, ಜೌಗು ಇದ್ದ ಜಾಗವನ್ನು ತೆಗೆದುಕೊಂಡು ಹೊಸ ಬಡಾವಣೆ ಹಾಕಿತು. ರಸ್ತೆ, ಚರಂಡಿ, ತೋಟ, ಆಟದ ಮೈದಾನ ಎಲ್ಲಾ ಮೊದಲೇ ಗೆರೆ ಎಳೆದು ಇಟ್ಟರು. ಪ್ಲಾಟುಗಳನ್ನು ಮಾರಲಿಲ್ಲ, ಲೀಸಿಗೆ ಕೊಟ್ಟರು. ಪ್ಲಾಟಿನಲ್ಲಿ ಎಷ್ಟು ಭಾಗ ಕಟ್ಟಬಹುದು, ಸುತ್ತ ಎಷ್ಟು ಬಿಡಬೇಕು, ಎಷ್ಟು ಮಹಡಿ ಏರಿಸಬಹುದು ಅನ್ನುವುದೆಲ್ಲ ಆ ಲೀಸಿನ ಷರತ್ತಿನಲ್ಲೇ ಇತ್ತು.

ಅದರಲ್ಲಿ ಒಂದು ನಿಯಮದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಟ್ರಸ್ಟಿನ ಅಧ್ಯಕ್ಷರಾಗಿದ್ದ ಜೆ.ಪಿ. ಓರ್ ಅವರು 1910ರ ದಶಕದಲ್ಲಿ ಒತ್ತಿ ಒತ್ತಿ ಹೇಳಿದ ನಿಯಮ ಅದು. ಕಟ್ಟಡದ ಎತ್ತರ ಅದರ ಮುಂದೆ ಬಿಟ್ಟ ಬಯಲಿನ ಅಗಲದ ಎರಡು ಪಟ್ಟನ್ನು ಮೀರಬಾರದು. 20 ಅಡಿ ಬಯಲು ಬಿಟ್ಟರೆ 40 ಅಡಿ ಎತ್ತರ, ಅಷ್ಟೇ. ನೆಲದಿಂದ ಆ ತುದಿಗೆ ಗೆರೆ ಎಳೆದರೆ ಬರುವ ಕೋನ 63.5 ಡಿಗ್ರಿ, ಹಾಗಾಗಿ ಅದನ್ನು 63.5 ಡಿಗ್ರಿ ನಿಯಮ ಅನ್ನುತ್ತಿದ್ದರು. ಕೇಳಲಿಕ್ಕೆ ಬರೀ ಗಣಿತ. ಆದರೆ ಆ ಗೆರೆಯ ಕೆಳತುದಿ ಎಲ್ಲಿ ನಿಲ್ಲುತ್ತದೆ ನೋಡಿ: ಎಲ್ಲಕ್ಕಿಂತ ಕೆಳಗಿನ ಮನೆಯ ಕಿಟಕಿಯ ಬುಡದಲ್ಲಿ. ಮೇಲಿನ ಮಹಡಿಯವರಿಗೆ ಬೆಳಕು ಹೇಗಿದ್ದರೂ ಸಿಗುತ್ತದೆ. ನೆಲಮಹಡಿಯ ಕೋಣೆಯಲ್ಲಿ ಹಡೆದು ಮಲಗಿದವಳಿಗೂ ಆಕಾಶದ ಒಂದು ತುಂಡು ಕಾಣಬೇಕು ಅನ್ನುವ ಲೆಕ್ಕ ಅದು. ಈ ಊರಿನಲ್ಲಿ ಬಂದುಹೋದ ಕಟ್ಟಡ ನಿಯಮಗಳಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಇದರ ಮೇಲೆ.

ಆಯುಕ್ತರೇ, ಆ ಟ್ರಸ್ಟು ಮುಂದೆ ನಿಮ್ಮ ಪಾಲಿಕೆಯಲ್ಲೇ ಸೇರಿಹೋಯಿತು. ಇಲ್ಲಿನ ಬಹಳಷ್ಟು ಪ್ಲಾಟುಗಳಿಗೆ ಇವತ್ತಿಗೂ ಪಾಲಿಕೆಯೇ ನೆಲದ ಒಡೆಯ. ಹಾಗಾಗಿ ನಾನು ಸುಮ್ನೆ ಒಬ್ಬ ಅಧಿಕಾರಿಗೆ ಅರ್ಜಿ ಕೊಡುತ್ತಿಲ್ಲ. ಈ ನೆಲವನ್ನು, ಈ ಷರತ್ತುಗಳನ್ನು ಹಿರಿಯರಿಂದ ಪಡೆದವರ ಹತ್ತಿರ ಮಾತಾಡುತ್ತಿದ್ದೇನೆ.

ಬಡಾವಣೆ ಹಾಕಿದ ಕೂಡಲೇ ಮನೆಗಳು ಏಳಲಿಲ್ಲ. ಮಾಟುಂಗಾ ತುಂಬಿದ್ದು ಹೆಚ್ಚಾಗಿ 1930ರ ಮತ್ತು 40ರ ದಶಕಗಳಲ್ಲಿ. ಆ ಹೊತ್ತಿಗೆ ಎರಡು ಸಂಗತಿ ಒಟ್ಟಿಗೆ ನಡೆದಿದ್ದವು. ಒಂದು, ಸಿಮೆಂಟು ಕಾಂಕ್ರೀಟು ಕೈಗೆಟುಕುವ ಸಾಮಾನಾಗಿತ್ತು. ಎಸಿಸಿ ಕಂಪನಿ ಹುಟ್ಟಿದ್ದು 1936ರಲ್ಲಿ. ಇನ್ನೊಂದು, ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತ ನಮ್ಮದೇ ದೇಶದ ಆರ್ಕಿಟೆಕ್ಟುಗಳ ಮೊದಲ ದೊಡ್ಡ ತಂಡ ಕೆಲಸಕ್ಕಿಳಿದಿತ್ತು. ಸರ್ಕಾರಿ ಗೋಪುರಗಳನ್ನು ಕಟ್ಟಿದ್ದು ಬ್ರಿಟಿಷರು. ಜನ ವಾಸ ಮಾಡುವ ಮನೆಗಳನ್ನು ಕಟ್ಟಿಸಿದ್ದು ಇಲ್ಲಿನ ವ್ಯಾಪಾರಿಗಳು, ನಕ್ಷೆ ಬರೆದದ್ದು ಹೆಚ್ಚಾಗಿ ಇಲ್ಲಿನ ಹುಡುಗರು. 1925ರ ಪ್ಯಾರಿಸ್ ಪ್ರದರ್ಶನದಿಂದ ಹೆಸರು ಪಡೆದ ಆರ್ಟ್ ಡೆಕೊ ಶೈಲಿಯನ್ನು ಇವರು ಕೈಗೆತ್ತಿಕೊಂಡರು. ಮಳೆಗೆ, ಬಿಸಿಲಿಗೆ, ನಮ್ಮ ಸಂಸಾರಕ್ಕೆ ಒಗ್ಗುವ ಹಾಗೆ ಅದನ್ನು ಬದಲಾಯಿಸಿಕೊಂಡರು. ಜಿ.ಬಿ. ಮ್ಹಾತ್ರೆ ಅವರ ಹೆಸರು ಇಲ್ಲಿ ಹೇಳಲೇಬೇಕು. ಮರೀನ್ ಡ್ರೈವಿನ ಮೂಲೆಯಲ್ಲಿ 1937ರಲ್ಲಿ ಎದ್ದ ಸೂನಾ ಮಹಲ್, ಓವಲ್ ಮೈದಾನದ ಎದುರಿನ ಎಂಪ್ರೆಸ್ ಕೋರ್ಟ್ ಅವರ ಕೆಲಸ. ಒಮ್ಮೆ ಸೂನಾ ಮಹಲ್ ಮುಂದೆ ನಿಂತು ನೋಡಿ. ಎರಡು ರಸ್ತೆ ಸೇರುವ ಮೂಲೆಯಲ್ಲಿ ಕಟ್ಟಡ ದುಂಡಗೆ ತಿರುಗುತ್ತದೆ. ಮೇಲೆ ಒಂದು ಸಣ್ಣ ಗೋಪುರ, ಮೈಮೇಲೆ ಅಡ್ಡಡ್ಡ ಪಟ್ಟಿಗಳು. ಎಲ್ಲೂ ದೊಡ್ಡಸ್ತಿಕೆ ಇಲ್ಲ, ಆದರೂ ನಡೆಯುವವರು ನಿಂತು ನೋಡುತ್ತಾರೆ.

ಮರೀನ್ ಡ್ರೈವಿಗೂ ಓವಲ್‌ಗೂ ಸಿಗಬೇಕಾದ ಗೌರವ ಸಿಕ್ಕಿದೆ. 2018ರ ಜೂನ್ 30ರಂದು ಯುನೆಸ್ಕೊ ಅಲ್ಲಿನ ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳನ್ನು, ಒಟ್ಟು 94ನ್ನು, ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ತುಂಬಾ ಸಂತೋಷ. ಆದರೆ ಅದೇ ಕಾಲದ, ಅದೇ ಮನೋಧರ್ಮದ ನೂರಾರು ಕಟ್ಟಡಗಳು ಮಾಟುಂಗಾ, ದಾದರ್ ಹಿಂದೂ ಕಾಲೊನಿ, ಪಾರ್ಸಿ ಕಾಲೊನಿ, ಶಿವಾಜಿ ಪಾರ್ಕ್, ಮಾಹಿಮ್‌ಗಳಲ್ಲಿ ಇವೆ. ಸಮುದ್ರದ ಎದುರು ನಿಂತದ್ದು ಪರಂಪರೆ, ತರಕಾರಿ ಮಾರ್ಕೆಟ್ಟಿನ ಹಿಂದೆ ನಿಂತದ್ದು ಬರೀ ಹಳೇ ಕಟ್ಟಡ ಅನ್ನುವ ಹಾಗಾಗಿದೆ. ಅಲ್ಲಿ ಬಂದು ಇದ್ದವರು ಸಾಹುಕಾರರು, ರಾಜಮನೆತನದವರು. ಇಲ್ಲಿ ಇದ್ದವರು ಬ್ಯಾಂಕಿನ ಗುಮಾಸ್ತರು, ಟೈಪಿಸ್ಟರು, ಮೇಷ್ಟ್ರು, ರೈಲ್ವೆ ನೌಕರರು. ನನ್ನ ಮಟ್ಟಿಗೆ ಇಲ್ಲಿನ ಕಟ್ಟಡಗಳೇ ದೊಡ್ಡ ಸಾಧನೆ. ಸಂಬಳದ ಜನಕ್ಕೂ ಅಂದದ ಮನೆ ಬೇಕು ಅಂತ ಅಂದುಕೊಂಡು ಕಟ್ಟಿದ್ದಾರಲ್ಲ, ಅದು ಈ ಊರಿನಲ್ಲಿ ಅದಕ್ಕೆ ಮುಂಚೆಯೂ ಜಾಸ್ತಿ ಇರಲಿಲ್ಲ, ಆಮೇಲೂ ಜಾಸ್ತಿ ಆಗಲಿಲ್ಲ.

ನಮ್ಮ ಕಟ್ಟಡದ ಮೆಟ್ಟಿಲನ್ನೇ ನೋಡಿ. ಮೆಟ್ಟಿಲು ಮೊಸಾಯಿಕ್‌ನದು. ಬಿಳಿ, ಕಪ್ಪು, ಇಟ್ಟಿಗೆ ಬಣ್ಣದ ಚೂರುಗಳನ್ನು ಸಿಮೆಂಟಿನಲ್ಲಿ ಕಲಸಿ, ಕೈಯಲ್ಲಿ ಉಜ್ಜಿ ನುಣುಪು ಮಾಡಿದ್ದು. ಪ್ರತಿ ಮೆಟ್ಟಿಲಿನ ಅಂಚಿಗೆ ಬೆರಳಗಲದ ಕಪ್ಪು ಪಟ್ಟಿ ಇದೆ. ಚಂದಕ್ಕೆ ಅಂತ ಮಾತ್ರ ಅಲ್ಲ, ಸಂಜೆ ಮಬ್ಬಿನಲ್ಲಿ ಇಳಿಯುವವರಿಗೆ ಅಂಚು ಕಾಣಲಿ ಅಂತ. ನಡುವೆ ಹೆಜ್ಜೆ ಬೀಳುವ ಕಡೆ ಮಾತ್ರ ಸವೆದು ಸ್ವಲ್ಪ ತಗ್ಗಾಗಿದೆ. ಮೆಟ್ಟಿಲಿನ ಕೈ ಹಿಡಿಕೆ ತೇಗದ್ದು. ಮೆಟ್ಟಿಲು ತಿರುಗುವ ಕಡೆ ಅದು ಮುರಿದು ಸೇರುವುದಿಲ್ಲ, ಹಾಗೇ ಬಾಗಿಕೊಂಡು ಮೇಲಕ್ಕೆ ಹೋಗುತ್ತದೆ. ಕೆಳಗಿನಿಂದ ಟೆರೇಸಿನ ತನಕ ಕೈ ಎತ್ತದೆ ಹತ್ತಬಹುದು. ಹಿಡಿಕೆಯ ಕೆಳಗೆ ಕಬ್ಬಿಣದ ಪಟ್ಟಿಯ ಗ್ರಿಲ್. ಒಂದು ಮೂಲೆಯಲ್ಲಿ ಅರ್ಧ ಸೂರ್ಯ, ಅದರಿಂದ ಹೊರಟ ಕಿರಣಗಳು ಇನ್ನೊಂದು ಮೂಲೆಯ ತನಕ ಹರಡಿವೆ. ಇದೇ ಅರ್ಧ ಸೂರ್ಯ ಬಾಲ್ಕನಿಯಲ್ಲೂ ಇದೆ, ಗೇಟಿನಲ್ಲೂ ಇದೆ. ಬೀದಿ ಕಡೆಯ ಗೋಡೆಯಲ್ಲಿ ನೆಲದಿಂದ ಮೇಲಿನ ತನಕ ಒಂದೇ ಉದ್ದದ ಗಾಜಿನ ಕಿಟಕಿ. ಮಧ್ಯಾಹ್ನ ಮೂರರ ಮೇಲೆ ಅದರಿಂದ ಬರುವ ಬೆಳಕು ಎಲ್ಲ ಮಹಡಿಯ ಮೆಟ್ಟಿಲ ಮೇಲೂ ಬೀಳುತ್ತದೆ. ಹಗಲು ಹೊತ್ತು ನಾವು ಮೆಟ್ಟಿಲಿನ ದೀಪ ಹಾಕುವುದೇ ಇಲ್ಲ.

ಮನೆಯೊಳಗೂ ಅಷ್ಟೇ. ಚಾವಣಿ ಎತ್ತರ. ಪ್ರತಿ ಬಾಗಿಲ ಮೇಲೆ ತೆರೆಯುವ ವೆಂಟಿಲೇಟರು. ಮುಂದಿನ ಬಾಲ್ಕನಿಯ ಬಾಗಿಲೂ ಹಿಂದಿನ ಅಡುಗೆಮನೆಯ ಕಿಟಕಿಯೂ ಒಂದೇ ಸಾಲಿನಲ್ಲಿವೆ. ಎರಡನ್ನೂ ತೆರೆದಿಟ್ಟರೆ ಏಪ್ರಿಲ್ ತಿಂಗಳಲ್ಲೂ ಗಾಳಿ ಮನೆ ಹಾದು ಹೋಗುತ್ತದೆ. ಕಿಟಕಿಯ ಮೇಲೆ ಉದ್ದಕ್ಕೆ ಚಾಚಿದ ಸಜ್ಜಾ. ಅದು ಮೂಲೆಯಲ್ಲೂ ನಿಲ್ಲದೆ ದುಂಡಗೆ ತಿರುಗಿ ಇನ್ನೊಂದು ಗೋಡೆಗೆ ಹೋಗುತ್ತದೆ. ಜುಲೈ ಮಳೆಯಲ್ಲಿ ಕಿಟಕಿ ತೆರೆದು ಕೂರಬಹುದು, ನೀರು ಒಳಗೆ ಎರಚುವುದಿಲ್ಲ. ಶೈಲಿ ಹೊರದೇಶದ್ದು ಇರಬಹುದು. ಈ ಸಜ್ಜಾ ಮಾತ್ರ ಮುಂಬಯಿ ಮಳೆ ನೋಡಿದವರು ಹಾಕಿದ್ದು.

ಕಟ್ಟಡದ ಹಿಂದೆ ಒಂದು ಕಬ್ಬಿಣದ ಸುರುಳಿ ಮೆಟ್ಟಿಲೂ ಇದೆ. ಅದರ ಬಗ್ಗೆ ಹೇಳದಿದ್ದರೆ ಪತ್ರ ಪ್ರಾಮಾಣಿಕ ಆಗುವುದಿಲ್ಲ. ಪಾಯಿಖಾನೆ ತೊಳೆಯಲು ಬರುವವರು ಮುಂದಿನ ಮೆಟ್ಟಿಲು ಹತ್ತಬಾರದು, ಮನೆಯೊಳಗೆ ಹಾಯಬಾರದು ಅಂತ ಅದನ್ನು ಇಟ್ಟದ್ದು. ಇಷ್ಟು ಬೆಳಕಿನ ಲೆಕ್ಕ ಹಾಕಿದವರೇ ಜಾತಿಯ ಲೆಕ್ಕವನ್ನೂ ಹಾಕಿದ್ದರು. ಕಟ್ಟಡ ಉಳಿಯಬೇಕು ಅನ್ನುವಾಗ ಈ ಮೆಟ್ಟಿಲು ಯಾಕೆ ಬಂತು ಅನ್ನುವುದನ್ನೂ ಮಕ್ಕಳಿಗೆ ಹೇಳಬೇಕು. ಒಡೆದುಹಾಕಿದರೆ ಆ ಸಾಕ್ಷಿಯೂ ಹೋಗುತ್ತದೆ.

ಇನ್ನು ಕಷ್ಟದ ಮಾತಿಗೆ ಬರುತ್ತೇನೆ. ಇಂಥ ಕಟ್ಟಡಗಳು ಹಾಳಾಗುತ್ತಿರುವುದು ಯಾಕೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಯುದ್ಧದ ಕಾಲದಲ್ಲಿ ಮನೆಗಳ ಅಭಾವ ಇತ್ತು. ಬಾಡಿಗೆ ವಿಪರೀತ ಏರಬಾರದು ಅಂತ ಕಾನೂನು ತಂದರು. 1947ರ ಬಾಂಬೆ ಬಾಡಿಗೆ ಕಾಯಿದೆ 1940ರ ಸೆಪ್ಟೆಂಬರಿನ ಬಾಡಿಗೆಯನ್ನೇ ಅಳತೆಗೋಲು ಮಾಡಿತು. ಕಾಯಿದೆಯಿಂದ ಬಡವರು, ಮಧ್ಯಮ ವರ್ಗದವರು ಬೀದಿಗೆ ಬೀಳಲಿಲ್ಲ, ಅದು ನಿಜ. ಆದರೆ ಅದನ್ನು ಕಾಲಕ್ಕೆ ತಕ್ಕಂತೆ ಬದಲಾಯಿಸಲೇ ಇಲ್ಲ. 1999ರ ಹೊಸ ಕಾಯಿದೆ ವರ್ಷಕ್ಕೆ 4 ಪರ್ಸೆಂಟ್ ಏರಿಸಲು ಬಿಟ್ಟಿತು. ಅಷ್ಟರಲ್ಲಿ ಬಾಡಿಗೆ ಎಷ್ಟು ಕೆಳಗೆ ಉಳಿದಿತ್ತು ಅಂದರೆ ಆ 4 ಪರ್ಸೆಂಟಿನಿಂದ ಒಂದು ಪೈಪು ಬದಲಾಯಿಸಲೂ ಆಗುವುದಿಲ್ಲ. ಮಾಲೀಕರು ಕೈಬಿಟ್ಟರು. ಬಾಡಿಗೆದಾರರು, ನಮ್ಮದಲ್ಲದ ಕಟ್ಟಡಕ್ಕೆ ನಾವ್ಯಾಕೆ ಹಣ ಹಾಕಬೇಕು ಅಂದರು. ಇಬ್ಬರದ್ದೂ ತಪ್ಪು ಅನ್ನಲಾರೆ. ನಡುವೆ ಸೊರಗಿದ್ದು ಕಟ್ಟಡ.

ಕಾಂಕ್ರೀಟು ಹಾಳಾಗುವುದು ಒಂದು ದಿನದಲ್ಲಲ್ಲ. ಮೋರಿಯ, ಅಂದರೆ ಬಚ್ಚಲಿನ, ಮೂಲೆಯಲ್ಲಿ ಪೈಪಿನ ಒಂದು ಕೀಲು ಸೋರಲು ಶುರುವಾಗುತ್ತದೆ. ನೀರು ಸ್ಲ್ಯಾಬಿನೊಳಗೆ ಇಳಿದು ಕಬ್ಬಿಣದ ಸರಳು ಮುಟ್ಟುತ್ತದೆ. ಸರಳು ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ್ದೇ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಕೆಳಗಿನ ಮನೆಯವರಿಗೆ ಮೊದಲು ಕಾಣುವುದು ಚಾವಣಿಯಲ್ಲಿ ಒಂದು ಕಂದು ಕಲೆ, ಆಮೇಲೆ ಬಿರುಕು, ಒಂದು ದಿನ ಗಿಲಾವು ಕಳಚಿ ಬೀಳುತ್ತದೆ. ಹೊರಗೆ ಸಜ್ಜಾದ ಮೇಲೆ ಕಾಗೆ ಹಾಕಿದ ಅರಳಿ ಬೀಜ ಮೊಳೆತು ಬೇರು ಬಿಡುತ್ತದೆ. ಇದರಲ್ಲಿ ಯಾವುದೂ ಮದ್ದಿಲ್ಲದ ರೋಗ ಅಲ್ಲ. ಮೊದಲ ಕಲೆ ಕಂಡಾಗಲೇ ಪೈಪು ಬದಲಾಯಿಸಿ, ಸರಳಿನ ತುಕ್ಕು ತೆಗೆದು, ಅದಕ್ಕೆ ತಕ್ಕ ಗಾರೆ ಹಾಕಿದರೆ ಕಟ್ಟಡ ಇನ್ನೂ ಒಂದು ತಲೆಮಾರು ನಿಲ್ಲುತ್ತದೆ. ನಾವು ಮಾಡಿದ್ದೇನು? ಬಿರುಕಿನ ಮೇಲೆ ಸಿಮೆಂಟು ಬಳಿದು ಬಣ್ಣ ಹೊಡೆದೆವು. ತುಕ್ಕು ಒಳಗೇ ಉಳಿಯಿತು.

ಹೆದರಿಕೆ ಸುಳ್ಳಲ್ಲ. 2017ರ ಆಗಸ್ಟ್ 31ರಂದು ಭೇಂಡಿ ಬಜಾರಿನ ಹುಸೇನಿ ಕಟ್ಟಡ ಕುಸಿದು 30ಕ್ಕಿಂತ ಹೆಚ್ಚು ಜನ ಸತ್ತರು. 2019ರ ಜುಲೈನಲ್ಲಿ ಡೋಂಗ್ರಿಯಲ್ಲಿ ಇನ್ನೊಂದು ಕಟ್ಟಡ ಬಿತ್ತು. ಪ್ರತಿ ಮಳೆಗಾಲಕ್ಕೆ ಮುಂಚೆ ಅಪಾಯದ ಕಟ್ಟಡಗಳ ಪಟ್ಟಿ ಬರುತ್ತದೆ. ಅದನ್ನು ಓದುವಾಗ ನಮ್ಮ ಎದೆಯೂ ಹೊಡೆದುಕೊಳ್ಳುತ್ತದೆ. ಬೀಳುವ ಕಟ್ಟಡವನ್ನು ಚಂದ ಇದೆ ಅಂತ ಹಿಡಿದುಕೊಂಡು ಕೂರಿ ಅಂತ ಯಾರಿಗೂ ನಾನು ಹೇಳುವುದಿಲ್ಲ.

ಆದರೆ ನಿಯಮ ಏನು ಹೇಳುತ್ತದೆ ನೋಡಿ. ಮುಂಬಯಿಯ ಕಟ್ಟಡ ನಿಯಮಾವಳಿ ಡಿಸಿಪಿಆರ್ 2034ರ 33(7)ನೇ ನಿಯಮದ ಪ್ರಕಾರ ಸೆಸ್ ಕಟ್ಟಡ (ರಿಪೇರಿಗೆಂದು ಸೆಸ್ ತೆರಿಗೆ ಕಟ್ಟುವ ಹಳೇ ಬಾಡಿಗೆ ಕಟ್ಟಡ) ಒಡೆದು ಕಟ್ಟಿದರೆ ಎಫ್‌ಎಸ್‌ಐ 3, ಅಂದರೆ ಪ್ಲಾಟಿನ ಅಳತೆಯ ಮೂರು ಪಟ್ಟು ಕಟ್ಟಬಹುದು. ಅಥವಾ ಹಳೇ ನಿವಾಸಿಗಳಿಗೆ ಬೇಕಾಗುವ ಜಾಗದ ಜೊತೆಗೆ ಅದರ ಮೇಲೆ ಪ್ರೋತ್ಸಾಹದ ಎಫ್‌ಎಸ್‌ಐ. ಯಾವುದು ಜಾಸ್ತಿಯೋ ಅದು. ಬಾಡಿಗೆದಾರನಿಗೆ ಹೊಸ ಮನೆ ಪುಕ್ಕಟೆ, ಅದೂ ತನ್ನ ಹೆಸರಿಗೆ. ಬಿಲ್ಡರಿಗೆ ಮಾರಲು ಮೇಲಿನ ಮಹಡಿಗಳು. ಮಾಲೀಕನಿಗೆ ಅವನ ಪಾಲು. ಇನ್ನು ಅದೇ ಕಟ್ಟಡವನ್ನು ರಿಪೇರಿ ಮಾಡಿಸುತ್ತೇವೆ ಅಂದರೆ? ರಾಜ್ಯದ ವಸತಿ ಸಂಸ್ಥೆ ಮ್ಹಾಡಾದ ರಿಪೇರಿ ಮಂಡಳಿ ಚದರ ಮೀಟರಿಗೆ ಇಷ್ಟು ಅಂತ ಒಂದು ಮಿತಿ ಇಟ್ಟಿದೆ. ಅದಕ್ಕಿಂತ ಮೇಲೆ ಹೋದರೆ ನಿವಾಸಿಗಳು ಕೈಯಿಂದ ಹಾಕಬೇಕು, ಇಲ್ಲದಿದ್ದರೆ ರಿಪೇರಿಗೆ ಲಾಯಕ್ಕಿಲ್ಲ ಅನ್ನಿಸಿಕೊಳ್ಳಬೇಕು. ಖರ್ಚು ಮಾಡಿ ಉಳಿಸಿಕೊಂಡವನಿಗೆ ಮನೆಯೂ ಅವನದಾಗುವುದಿಲ್ಲ, ತೆರಿಗೆಯೂ ಕಡಿಮೆ ಆಗುವುದಿಲ್ಲ. ಹೀಗಿದ್ದ ಮೇಲೆ ಯಾರು ತಾನೇ ರಿಪೇರಿ ಮಾಡಿಸುತ್ತಾರೆ? ಸೋರುವ ಪೈಪನ್ನು ಸೋರಲು ಬಿಟ್ಟಷ್ಟೂ ಒಳ್ಳೆಯದು ಅನ್ನುವ ಪರಿಸ್ಥಿತಿಯನ್ನು ನಿಯಮವೇ ತಂದಿಟ್ಟಿದೆ.

ಒಡೆದ ಮೇಲೆ ಏಳುವುದು ಏನು? ಅದೇ ಸಣ್ಣ ಪ್ಲಾಟಿನಲ್ಲಿ ಇಪ್ಪತ್ತು ಮಹಡಿ. ಕೆಳಗಿನ ಐದಾರು ಮಹಡಿ ಕಾರಿಗೆ. ಪಕ್ಕದ ಬಯಲಿಗೆ ವಿನಾಯಿತಿ. ಬೀದಿ ಕಡೆ ಬಾಲ್ಕನಿ ಇಲ್ಲ, ಮಾತಾಡುವ ಮುಖ ಇಲ್ಲ, ಗೋಡೆ ಮತ್ತು ರ್‍ಯಾಂಪು ಮಾತ್ರ. ಅದರ ನೆರಳು ಬೀಳುವುದು ಪಕ್ಕದ ಹಳೇ ಕಟ್ಟಡದ ಕೆಳಗಿನ ಮನೆಗೆ. ನಮ್ಮ ಹಿಂದಿನ ಸಾಲಿನಲ್ಲಿ ಗೋಪುರ ಎದ್ದ ಮೇಲೆ ನೆಲಮಹಡಿಯ ಅಡುಗೆಮನೆಯಲ್ಲಿ ಬೆಳಗ್ಗೆ ಹತ್ತಕ್ಕೂ ಟ್ಯೂಬ್‌ಲೈಟು ಉರಿಯುತ್ತದೆ. ಕ್ಷಯ ರೋಗ ಇನ್ನೂ ಹೋಗದ ಊರಿನಲ್ಲಿ ನಾವಿದ್ದೇವೆ. ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಅದು ಸುಲಭವಾಗಿ ಹರಡುತ್ತದೆ ಅನ್ನುವುದು ಪಾಲಿಕೆಯ ಆರೋಗ್ಯ ಇಲಾಖೆಗೇ ಗೊತ್ತಿದೆ. ಪ್ಲೇಗಿನಿಂದ ಕಲಿತು ಬರೆದ 63.5 ಡಿಗ್ರಿಯ ಗೆರೆಯನ್ನು ನಾವು ಅಳಿಸಿದ್ದು ಯಾವ ಹೊಸ ತಿಳಿವಳಿಕೆಯಿಂದ? ಇದಕ್ಕೆ ನಿಮ್ಮಿಂದ ಉತ್ತರ ಬೇಕು.

ಇಲ್ಲಿ ಒಂದು ಗಳಿಗೆ ನನ್ನ ನೆರೆಹೊರೆಯವರ ಕಡೆ ತಿರುಗುತ್ತೇನೆ.

ಅಣ್ಣಂದಿರೇ, ಅಕ್ಕಂದಿರೇ, ಮೂರನೇ ಮಹಡಿಯ ಮಾಮಿಯವರೇ, ನಿಮ್ಮ ಕಷ್ಟ ನನಗೆ ಗೊತ್ತು. ಮಂಡಿ ನೋವು ಇಟ್ಟುಕೊಂಡು ಮೂರು ಮಹಡಿ ಹತ್ತುವುದು ಸುಲಭ ಅಲ್ಲ. ಮಗ ಸೊಸೆಗೆ ಒಂದು ಬೇರೆ ಕೋಣೆ ಬೇಕು. ಮನೆ ನಮ್ಮ ಹೆಸರಿಗೆ ಆಗುತ್ತದೆ ಅನ್ನುವ ಆಸೆ ತಪ್ಪಲ್ಲ. ಇಡೀ ಜೀವಮಾನ ಪಗಡಿ ಮನೆಯಲ್ಲಿ (ಮೊದಲೇ ದೊಡ್ಡ ಮೊತ್ತ ಕೊಟ್ಟು ಸಣ್ಣ ಬಾಡಿಗೆಗೆ ಹಿಡಿದ ಮನೆ) ಕಳೆದವರಿಗೆ ಅದರ ಬೆಲೆ ಏನು ಅಂತ ಹೊರಗಿನವರು ಹೇಳಬೇಕಾಗಿಲ್ಲ. 2012ರಲ್ಲಿ ಪಾರಂಪರಿಕ ಕಟ್ಟಡಗಳ ಹೊಸ ಪಟ್ಟಿ ಪ್ರಸ್ತಾಪ ಆದಾಗ ಶಿವಾಜಿ ಪಾರ್ಕಿನ ನಿವಾಸಿಗಳು ಎದ್ದು ವಿರೋಧಿಸಿದರು. ಅವರಿಗೆ ಚಂದ ಗೊತ್ತಾಗುವುದಿಲ್ಲ ಅಂತಲ್ಲ. ಹಣೆಗೆ ಪಟ್ಟಿ ಅಂಟಿಸಿ, ರಿಪೇರಿಯ ಖರ್ಚನ್ನು ತಲೆ ಮೇಲೆ ಹೊರಿಸಿ ಹೋಗುತ್ತಾರೆ ಅನ್ನುವ ಭಯ ಇತ್ತು. ಆ ಭಯ ಸರಿಯಾಗಿಯೇ ಇತ್ತು.

ಆದರೂ ಕಾಗದಕ್ಕೆ ಸಹಿ ಹಾಕುವ ಮುಂಚೆ ಎರಡು ವಿಷಯ ಯೋಚನೆ ಮಾಡಿ. ಖಾಲಿ ಮಾಡಿ ಹೋದ ಎಷ್ಟೋ ಕುಟುಂಬಗಳು ವರ್ಷಗಟ್ಟಲೆ ವಾಪಸ್ ಬರಲು ಆಗದೆ ಕಾದಿವೆ. ಬಿಲ್ಡರು ಬಾಡಿಗೆ ಕೊಡುವುದು ನಿಲ್ಲಿಸುತ್ತಾರೆ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಕೋರ್ಟು ಕಚೇರಿ ಅಲೆಯುವುದು ವಯಸ್ಸಾದವರ ಪಾಲಿಗೆ ಬರುತ್ತದೆ. ಎರಡನೆಯದು, ಹೊಸ ಗೋಪುರದ ತಿಂಗಳ ಮೇಂಟೆನೆನ್ಸು. ಲಿಫ್ಟು, ಪಂಪು, ಜನರೇಟರು, ಸೆಕ್ಯುರಿಟಿ ಎಲ್ಲದರ ಖರ್ಚು ಸೇರಿ ಎಷ್ಟಾಗುತ್ತದೆ ಅಂತ ಅಲ್ಲಿ ಈಗಾಗಲೇ ಇರುವವರನ್ನು ಕೇಳಿ. ಪಿಂಚಣಿ ನಂಬಿದವರಿಗೆ ಪುಕ್ಕಟೆ ಮನೆಯನ್ನು ಇಟ್ಟುಕೊಳ್ಳುವುದೇ ಭಾರ ಆಗಬಹುದು.

ಲಿಫ್ಟು ಬೇಕಾದರೆ ಕಟ್ಟಡ ಒಡೆಯಲೇಬೇಕು ಅಂತ ಇಲ್ಲ. ಹಿಂದಿನ ಬಯಲಿನಲ್ಲಿ, ಆ ಸುರುಳಿ ಮೆಟ್ಟಿಲ ಪಕ್ಕ, ಹೊರಗಿನಿಂದ ಉಕ್ಕಿನ ಚೌಕಟ್ಟಿನ ಲಿಫ್ಟು ನಿಲ್ಲಿಸಬಹುದು. ಮುಂಬಯಿಯಲ್ಲೇ ಹಳೇ ಸೊಸೈಟಿಗಳು ಹಾಗೆ ಮಾಡಿಕೊಂಡಿವೆ. ಆಗ ಒಂದು ಕಾಲದಲ್ಲಿ ಜನರನ್ನು ದೂರ ಇಡಲು ಇದ್ದ ಹಿಂಬದಿ ಎಲ್ಲರೂ ಹತ್ತುವ ದಾರಿ ಆಗುತ್ತದೆ.

ಆಯುಕ್ತರೇ, ಈಗ ನಿಮ್ಮ ಹತ್ತಿರ ಕೇಳುವುದನ್ನು ಬಿಡಿಸಿ ಹೇಳುತ್ತೇನೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ನನಗೆ ಬೇಡ.

ಮೊದಲು ರಿಪೇರಿಗೆ ಲಾಭ ಕೊಡಿ. ಪಾರಂಪರಿಕ ಕಟ್ಟಡ ತಾನು ಬಳಸದ ಕಟ್ಟುವ ಹಕ್ಕನ್ನು ಟಿಡಿಆರ್ ಆಗಿ, ಅಂದರೆ ಬೇರೆ ಜಾಗದಲ್ಲಿ ಬಳಸಿಕೊಳ್ಳುವವರಿಗೆ, ಮಾರುವ ದಾರಿ ನಿಮ್ಮ ನಿಯಮದಲ್ಲೇ ಇದೆ. ಅದನ್ನು ಮಾಟುಂಗಾ, ದಾದರ್‌ನಂಥ ಬಡಾವಣೆಗಳಿಗೆ, 1950ಕ್ಕೆ ಮುಂಚಿನ ಚೆನ್ನಾಗಿರುವ ಕಟ್ಟಡಗಳಿಗೆ ವಿಸ್ತರಿಸಿ. ಬಂದ ಹಣ ಮಾಲೀಕನ ಜೇಬಿಗೆ ಹೋಗಬಾರದು. ಕಟ್ಟಡದ ಹೆಸರಿನ ಒಂದು ಖಾತೆಯಲ್ಲಿ ಬೀಳಲಿ. ಅದರಿಂದ ಪೈಪು, ಸ್ಲ್ಯಾಬು, ಲಿಫ್ಟು ಆದ ಮೇಲೆ ಉಳಿದದ್ದನ್ನು ಮಾಲೀಕರೂ ಬಾಡಿಗೆದಾರರೂ ಹಂಚಿಕೊಳ್ಳಲಿ. ಇದರ ಜೊತೆಗೆ, ಉಳಿಸಿಕೊಂಡ ಕಟ್ಟಡದ ಬಾಡಿಗೆದಾರನಿಗೂ ತನ್ನ ಮನೆ ತನ್ನ ಹೆಸರಿಗೆ ಮಾಡಿಕೊಳ್ಳುವ ದಾರಿ ಬೇಕು. ಒಡೆದರೆ ಮಾತ್ರ ಮಾಲೀಕ, ಉಳಿಸಿದರೆ ಕೊನೆಯ ತನಕ ಬಾಡಿಗೆದಾರ ಅನ್ನುವುದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಇದು ನಿಮ್ಮೊಬ್ಬರ ಕೈಯಲ್ಲಿಲ್ಲ, ರಾಜ್ಯ ಸರ್ಕಾರದ ಕಾಯಿದೆ ಬದಲಾಗಬೇಕು. ಆದರೆ ಪಾಲಿಕೆಯಿಂದ ಪ್ರಸ್ತಾಪ ಹೋಗದೆ ಅಲ್ಲಿ ಯಾರೂ ಎತ್ತುವುದಿಲ್ಲ.

ಸಿ-1 ಅನ್ನುವ ಮುದ್ರೆ ಒತ್ತುವ ಮುಂಚೆ ಹಳೇ ಕಟ್ಟಡ ಬಲ್ಲ ಇಂಜಿನಿಯರು ಒಬ್ಬರು ಬಂದು ನೋಡಲಿ. ಸಿ-1 ಅಂದರೆ ಖಾಲಿ ಮಾಡಿಸಿ ಒಡೆಯಬೇಕಾದದ್ದು. ಸಿ-2 ಆದರೆ ರಿಪೇರಿಗೆ ಅವಕಾಶ ಇದೆ. ಒಂದೇ ಕಟ್ಟಡಕ್ಕೆ ಮಾಲೀಕರು ತಂದ ಆಡಿಟ್ (ಕಟ್ಟಡ ಎಷ್ಟು ಗಟ್ಟಿ ಅನ್ನುವ ಪರೀಕ್ಷೆಯ ವರದಿ) ಒಂದು ಹೇಳುತ್ತದೆ, ನಿವಾಸಿಗಳು ತಂದದ್ದು ಇನ್ನೊಂದು ಹೇಳುತ್ತದೆ. ಇದಕ್ಕೆಂದೇ ನಿಮ್ಮಲ್ಲಿ ತಾಂತ್ರಿಕ ಸಲಹಾ ಸಮಿತಿ ಇದೆ. ಆ ಸಮಿತಿ ಸ್ಥಳಕ್ಕೆ ಬರಲಿ, ಮೋರಿಯ ಸ್ಲ್ಯಾಬೂ ಬೀದಿ ಕಡೆಯ ಕೋಣೆಯ ಸ್ಲ್ಯಾಬೂ ಬೇರೆ ಬೇರೆಯಾಗಿ ಪರೀಕ್ಷೆ ಆಗಲಿ. ಇಂಥ ಕಟ್ಟಡಗಳಲ್ಲಿ ಹಿಂಬದಿಯ ಒದ್ದೆ ಭಾಗ ಹಾಳಾಗಿರುತ್ತದೆ, ಮುಂದಿನ ಭಾಗ ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತದೆ. ಒದ್ದೆ ಭಾಗವನ್ನು ಮಾತ್ರ ಬಿಚ್ಚಿ ಹೊಸದಾಗಿ ಕಟ್ಟಬಹುದಾ ಅನ್ನುವ ಪ್ರಶ್ನೆಯನ್ನು ಈಗ ಯಾರೂ ಕೇಳುವುದೇ ಇಲ್ಲ.

ಒಡೆಯಲೇಬೇಕಾದ ಕಟ್ಟಡವೂ ಇರುತ್ತದೆ. ಅಲ್ಲಿ ಲೀಸಿನ ಒಡೆಯರಾಗಿ ನಿಮ್ಮ ಅಧಿಕಾರ ಬಳಸಿ. ಹೊಸ ನಕ್ಷೆಗೆ ಒಪ್ಪಿಗೆ ಕೊಡುವಾಗ ಪಕ್ಕದ ನೆಲಮಹಡಿಗೆ ಎಷ್ಟು ಬೆಳಕು ಉಳಿಯುತ್ತದೆ ಅನ್ನುವ ಲೆಕ್ಕವನ್ನು ನಕ್ಷೆಯ ಜೊತೆಗೇ ಕೇಳಿ. ಬೀದಿ ಕಡೆ ಕಾರಿನ ಮಹಡಿ ಬೇಡ, ಮನೆಗಳ ಬಾಲ್ಕನಿ ಇರಲಿ. ಒಡೆಯುವ ಮುಂಚೆ ಕಟ್ಟಡದ ಅಳತೆ, ಫೋಟೋ, ನಕ್ಷೆ ಪಾಲಿಕೆಯ ದಾಖಲೆಗೆ ಸೇರಲಿ. ಗ್ರಿಲ್, ತೇಗದ ಬಾಗಿಲು, ಬಣ್ಣದ ಟೈಲು ಗುಜರಿಗೆ ಹೋಗುತ್ತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ವಾರ್ಡಿನಲ್ಲಿ ಒಂದು ಗೋದಾಮು ಮಾಡಿ ಅವನ್ನು ಇಟ್ಟರೆ, ಉಳಿದ ಕಟ್ಟಡಗಳ ರಿಪೇರಿಗೆ ಅಲ್ಲಿಂದಲೇ ಕೊಡಬಹುದು. ನಮ್ಮ ಕಟ್ಟಡದಲ್ಲಿ ಮುರಿದ ಒಂದು ಮೊಸಾಯಿಕ್ ಟೈಲಿಗೆ ಜೋಡಿ ಹುಡುಕಿ ಸಾಕಾಗಿದೆ. ಎರಡು ಬೀದಿ ಆಚೆ ಅದೇ ಟೈಲನ್ನು ಚೂರು ಮಾಡಿ ಲಾರಿಗೆ ತುಂಬಿದರು.

ಅಮೆರಿಕದ ಮಯಾಮಿ ಬೀಚಿನಲ್ಲೂ 1970ರ ದಶಕದಲ್ಲಿ ಡೆಕೊ ಕಟ್ಟಡಗಳು ಹಳೇದಾಗಿ, ವಯಸ್ಸಾದ ಬಡ ಜನ ಮಾತ್ರ ಅಲ್ಲಿ ಉಳಿದಿದ್ದರು. ಬಾರ್ಬರಾ ಕ್ಯಾಪಿಟ್‌ಮನ್ ಅನ್ನುವ ಮಹಿಳೆ ಜನರನ್ನು ಸೇರಿಸಿ ಹೋರಾಡಿದರು. 1979ರಲ್ಲಿ ಆ ಇಡೀ ಪ್ರದೇಶ ರಾಷ್ಟ್ರೀಯ ಪಟ್ಟಿಗೆ ಸೇರಿತು. ಕಟ್ಟಡ ಉಳಿಯಿತು, ಆದರೆ ಬೆಲೆ ಏರಿ ಆ ಮುದುಕರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ನಮಗೆ ಅಂಥ ಉಳಿಸುವಿಕೆ ಬೇಡ. ಇಲ್ಲಿ ಜನವೂ ಇರಬೇಕು. ಅದಕ್ಕೇ ನಾನು ಪಟ್ಟಿಗಿಂತ ಮೊದಲು ಹಕ್ಕಿನ ಮತ್ತು ಹಣದ ಮಾತು ಎತ್ತಿದ್ದು.

ಮಳೆಗಾಲಕ್ಕೆ ಮುಂಚೆ ನಿಮ್ಮ ವಾರ್ಡ್ ಅಧಿಕಾರಿಗಳನ್ನೂ, ಪಾರಂಪರಿಕ ಸಮಿತಿಯವರನ್ನೂ, ಮ್ಹಾಡಾದವರನ್ನೂ ಕರೆದುಕೊಂಡು ಮಾಟುಂಗಾದಲ್ಲಿ ಒಂದು ಸಭೆ ಮಾಡಿ. ಮಾಲೀಕರು, ಬಾಡಿಗೆದಾರರು ಇಬ್ಬರೂ ಬರಲಿ, ಬೇಕಾದರೆ ಬಿಲ್ಡರುಗಳೂ ಬರಲಿ. ಸಭೆಗೆ ಜಾಗ ಹುಡುಕುವ, ಅಕ್ಕಪಕ್ಕದ ಕಟ್ಟಡಗಳವರನ್ನು ಕರೆತರುವ ಕೆಲಸ ನಾವು ಮಾಡುತ್ತೇವೆ. ನಮ್ಮ ಕಟ್ಟಡದ ಹಳೇ ನಕ್ಷೆಯ ಪ್ರತಿ, ಸೋರುವ ಕಡೆಗಳ ಫೋಟೋ, ಎರಡು ಆಡಿಟ್ ವರದಿ ಎಲ್ಲವನ್ನೂ ನಿಮ್ಮ ಮುಂದೆ ಇಡುತ್ತೇವೆ. ದಿನಾಂಕ ನೀವು ಹೇಳಿ.

ಇಂತಿ,
ಮಾಟುಂಗಾ ಪೂರ್ವದ ಒಬ್ಬ ನಿವಾಸಿ